ಬಂಡೆಯ ಬರಹ, ಹತ್ತಿಯ ಹೂವು

ರಾಯಚೂರಿನ ಕೋಟೆಯನ್ನು ನೋಡಲು ಬಂದವರಿಗೆ ಊರಿನವರು ತಪ್ಪದೆ ತೋರಿಸುವ ವಸ್ತುವೊಂದುಂಟು. ಅದು ಕೋಟೆಯ ಗೋಡೆಯಲ್ಲಿ ಸೇರಿರುವ, ಸುಮಾರು 41 ಅಡಿ ಉದ್ದದ ಒಂದೇ ಕಲ್ಲು. ಅದರ ಮೇಲೆ ತೆಲುಗು ಶಾಸನವಿದೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗಂಗಯ್ಯರೆಡ್ಡಿಯ ಆಜ್ಞೆಯಂತೆ ಈ ಕೋಟೆ ಎದ್ದಿತೆಂದು ಆ ಶಾಸನದಿಂದ ತಿಳಿದುಬರುತ್ತದೆ. ಕೆತ್ತಿದವರು ಅಷ್ಟಕ್ಕೆ ತೃಪ್ತರಾಗಲಿಲ್ಲ. ಇಂಥ ಮಹಾಬಂಡೆಯನ್ನು ಬಂಡಿಯ ಮೇಲೇರಿಸಿ, ಕೋಣಗಳ ಸಾಲನ್ನು ಹೂಡಿ, ಎಳೆದು ತಂದ ಬಗೆಯನ್ನೂ ಅಲ್ಲಿಯೇ ಗೆರೆಗಳಲ್ಲಿ ಚಿತ್ರಿಸಿಟ್ಟಿದ್ದಾರೆ. ನೋಡಿದವನಿಗೆ ಸಂದೇಹಕ್ಕೆ ಎಡೆಯೇ ಇಲ್ಲ. ಈ ಕಲ್ಲು ತಾನಾಗಿ ಬಂದು ಇಲ್ಲಿ ನಿಲ್ಲಲಿಲ್ಲ. ಯಾರೋ ಯೋಚಿಸಿದರು, ಯಾರೋ ಆಜ್ಞಾಪಿಸಿದರು, ಯಾರೋ ಬೆವರು ಸುರಿಸಿದರು.

ಇನ್ನು ತಲೆಯೆತ್ತಿ ಬೆಟ್ಟವನ್ನು ನೋಡಬೇಕು. ಅಲ್ಲಿಯೂ ಬಂಡೆಗಳೇ. ಒಂದರ ಮೇಲೊಂದು ಕೂತ ಗುಂಡುಗಳು, ಉರುಳಿಬೀಳುವಂತೆ ತೋರಿಯೂ ಬೀಳದ ಗುಂಡುಗಳು, ಬೇಕೆಂದೇ ಎತ್ತಿಟ್ಟಂತೆ ಸಾಲುಗೊಂಡ ಗುಂಡುಗಳು. ಭೀಮಸೇನನೋ ಇನ್ನಾವ ರಾಕ್ಷಸನೋ ಪೇರಿಸಿಟ್ಟನೆಂದು ಹಿಂದಿನವರು ಕಥೆ ಕಟ್ಟಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಭೂಗರ್ಭಶಾಸ್ತ್ರಜ್ಞರು ಹೇಳುವ ಮಾತು ಬೇರೆ. ಈ ಸೀಮೆಯ ಗ್ರಾನೈಟಿನ ವಯಸ್ಸು ಸುಮಾರು 250 ಕೋಟಿ ವರ್ಷ. ಅದರಲ್ಲಿ ಅಡ್ಡುದ್ದ ಬಿರುಕುಗಳು ಮೂಡಿದವು, ಬಿರುಕುಗಳಲ್ಲಿ ನೀರಿಳಿಯಿತು, ಮೂಲೆಗಳು ಮೊದಲು ಸವೆದವು, ಸಡಿಲಾದ ಮಣ್ಣು ಮಳೆಗೆ ಕೊಚ್ಚಿಹೋಯಿತು, ಗುಂಡುಗಳು ಉಳಿದವು. ಅವನ್ನು ಪೇರಿಸಿದ ಕೈ ಇಲ್ಲ.

ಒಂದೇ ಊರು, ಒಂದೇ ಜಾತಿಯ ಕಲ್ಲು. ಒಂದರ ಹಿಂದೆ ಕರ್ತೃವನ್ನು ಕಂಡದ್ದು ಸರಿ, ಇನ್ನೊಂದರ ಹಿಂದೆ ಕಂಡದ್ದು ತಪ್ಪು. ಹಾಗಾದರೆ ಜೀವಿಗಳು ಯಾವ ಸಾಲಿಗೆ ಸೇರಿದವು? ಕಣ್ಣು, ರೆಕ್ಕೆ, ಹೂವು, ಹುಳು ಇವೆಲ್ಲ ಶಾಸನದ ಕಲ್ಲಿನಂತೆಯೋ, ಬೆಟ್ಟದ ಗುಂಡಿನಂತೆಯೋ? ಕ್ರೈಸ್ತ ಪ್ರಪಂಚವನ್ನು ಎರಡು ಶತಮಾನಗಳಿಂದ ಕಾಡುತ್ತಿರುವ ಪ್ರಶ್ನೆಯ ತಿರುಳು ಇದೇ.

ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ 1802ರಲ್ಲಿ ಪ್ರಕಟಿಸಿದ ‘ನ್ಯಾಚುರಲ್ ಥಿಯಾಲಜಿ’ ಎಂಬ ಗ್ರಂಥದಲ್ಲಿ ಈ ಪ್ರಶ್ನೆಗೆ ಉತ್ತರ ಕೊಟ್ಟನು. ಬಯಲಿನಲ್ಲಿ ನಡೆಯುವವನಿಗೆ ಗಡಿಯಾರವೊಂದು ಸಿಕ್ಕರೆ, ಅದರ ಚಕ್ರಗಳ ಹೊಂದಾಣಿಕೆಯನ್ನು ನೋಡಿ ಅದನ್ನು ಮಾಡಿದವನೊಬ್ಬನಿರಬೇಕೆಂದು ಅವನು ತಿಳಿಯುತ್ತಾನೆ. ಗಡಿಯಾರಕ್ಕಿಂತ ಎಷ್ಟೋ ಪಾಲು ಸೂಕ್ಷ್ಮವಾದ ಕಣ್ಣನ್ನು ನೋಡಿದವನು ಸೃಷ್ಟಿಕರ್ತನನ್ನು ಹೇಗೆ ಅಲ್ಲಗಳೆದಾನು? ಇದು ಪೇಲಿಯ ವಾದ. ಕೇಂಬ್ರಿಜ್ಜಿನಲ್ಲಿ ಪಾದ್ರಿಯಾಗಲು ಓದುತ್ತಿದ್ದ ತರುಣನೊಬ್ಬನು ಪೇಲಿಯ ತರ್ಕಕ್ಕೆ ಮಾರುಹೋಗಿದ್ದನು. ಅವನ ಹೆಸರು ಚಾರ್ಲ್ಸ್ ಡಾರ್ವಿನ್.

ರಾಯಚೂರಿನ ನೆರೆಯ ಬಳ್ಳಾರಿಗೂ ಆ ಕಾಲಕ್ಕೂ ಒಂದು ಸ್ವಾರಸ್ಯವಾದ ನಂಟಿದೆ. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಸತ್ಯವೇದವನ್ನು ಕನ್ನಡಿಸುವ ಕೆಲಸಕ್ಕೆ ಕೈಹಾಕಿದನು. ಸಂಪೂರ್ಣ ಕನ್ನಡ ಸತ್ಯವೇದ ಸಿದ್ಧವಾದದ್ದು 1831ರಲ್ಲಿ. ಅದೇ ವರ್ಷದ ಡಿಸೆಂಬರ್ 27ರಂದು ಡಾರ್ವಿನ್ ‘ಬೀಗಲ್’ ಹಡಗನ್ನೇರಿ ಹೊರಟನು. ಆದಿಕಾಂಡದ ಆರು ದಿನಗಳ ಸೃಷ್ಟಿಯ ಕಥೆ ಕನ್ನಡಿಗರ ಕೈಗೆ ಬಂದ ವರ್ಷವೇ, ಆ ಕಥೆಯನ್ನು ಹೊಸದಾಗಿ ಓದುವಂತೆ ಮಾಡಿದ ಯಾನವೂ ಮೊದಲಾಯಿತು.

ಈ ದೋಆಬಿನಲ್ಲಿ ಕ್ರೈಸ್ತಧರ್ಮ ನಿನ್ನೆ ಮೊನ್ನೆ ಬಂದದ್ದಲ್ಲ. ಮುದಗಲ್ಲಿನ ಕಥೋಲಿಕ ಸಭೆಯ ಮೂಲವನ್ನು ವಾಡಿಕೆಯಲ್ಲಿ 1557ರಷ್ಟು ಹಿಂದಕ್ಕೆ, ಬಿಜಾಪುರದ ಆದಿಲಶಾಹಿಗಳ ಕಾಲಕ್ಕೆ ಒಯ್ಯುತ್ತಾರೆ. ಬಳಿಕ ಅಮೆರಿಕದ ಮೆಥಡಿಸ್ಟರು ಬಂದರು. ಮಾನ್ವಿಯ ಕಡೆ ಈ ಶತಮಾನದಲ್ಲಿ ಯೇಸುಸಭೆಯ ಗುರುಗಳು ಲೊಯೋಲಾ ಹೆಸರಿನ ವಿದ್ಯಾಸಂಸ್ಥೆಗಳನ್ನು ನಡೆಸುತ್ತ ಬಂದಿದ್ದಾರೆ. ತಲೆಮಾರುಗಳಿಂದ ಅಕ್ಷರದ ಹೊರಗೇ ಉಳಿದಿದ್ದ ಮನೆಗಳ ಮಕ್ಕಳು ಅಲ್ಲಿ ಕಲಿಯುತ್ತಿದ್ದಾರೆ.

ಇಂಥ ಮನೆಯ ಹುಡುಗನೋ ಹುಡುಗಿಯೋ ಮುಂದೆ ರಾಯಚೂರಿನ ಕಾಲೇಜು ಸೇರಿ ಜೀವವಿಜ್ಞಾನ ಓದತೊಡಗಿದಾಗ ಮೇಲಿನ ಪ್ರಶ್ನೆ ಪುಸ್ತಕದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಭಾನುವಾರ ಪ್ರಾರ್ಥನೆಯಲ್ಲಿ ‘ದೇವರು ಉಂಟುಮಾಡಿದನು’ ಎಂದು ಕೇಳಿದ ಕಿವಿಗೆ ಸೋಮವಾರ ‘ವಿಕಾಸವಾಯಿತು’ ಎಂಬ ಮಾತು ಬೀಳುತ್ತದೆ. ಒಂದನ್ನು ಒಪ್ಪಿದರೆ ಇನ್ನೊಂದನ್ನು ಬಿಡಬೇಕೆಂದು ಇಬ್ಬದಿಯವರೂ ಹೆದರಿಸಬಲ್ಲರು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ಮಗುವಿಗೆ ತಂದೆ ತಾಯಿಯ ನಂಬಿಕೆಯನ್ನು ಬಿಡುವುದೆಂದರೆ ಮನೆಯನ್ನೇ ಬಿಟ್ಟಂತೆ; ಓದನ್ನು ಬಿಡುವುದೆಂದರೆ ಮನೆಯವರ ಆಸೆಯನ್ನೇ ಹೂತಂತೆ. ಆದ್ದರಿಂದ ಈ ವಾದವನ್ನು ನಿಧಾನವಾಗಿ ನೋಡುವುದು ಒಳ್ಳೆಯದು. ನೋಡಲು ದೂರವೂ ಹೋಗಬೇಕಾಗಿಲ್ಲ. ಮಾನ್ವಿ ದೇವದುರ್ಗಗಳ ಎರೆಭೂಮಿಯಲ್ಲಿ ನಿಂತ ಹತ್ತಿಯ ಗಿಡವೊಂದೇ ಸಾಕು.

ಒಂದು ಎಳೆಯ ಅದ್ಭುತ

ಹತ್ತಿಯ ಹೂವು ಬೆಳಗ್ಗೆ ಅರಳುವಾಗ ಕೆನೆಯ ಬಣ್ಣ. ಮರುದಿನ ಅದೇ ಹೂವು ಗುಲಾಬಿಗೆ ತಿರುಗಿ ಬಾಡುತ್ತದೆ. ನೋಡುವವರಿಗೆ ಕಥೆ ಅಲ್ಲಿಗೆ ಮುಗಿಯಿತು. ಗಿಡಕ್ಕೆ ಮಾತ್ರ ಅಲ್ಲಿಂದ ಪ್ರಾರಂಭ. ಹೂವರಳಿದ ದಿನವೇ, ಒಳಗೆ ಎಳೆಬೀಜಗಳ ಸಿಪ್ಪೆಯ ಮೇಲಿನ ಕೆಲವು ಜೀವಕೋಶಗಳು ಉಬ್ಬತೊಡಗುತ್ತವೆ. ಎಲ್ಲವೂ ಅಲ್ಲ, ಸುಮಾರು ನಾಲ್ಕರಲ್ಲೊಂದು. ಉಬ್ಬಿದವು ಉದ್ದವಾಗುತ್ತ ಹೋಗುತ್ತವೆ. ಎರಡು ಮೂರು ವಾರಗಳಲ್ಲಿ ಕಣ್ಣಿಗೆ ಕಾಣದಿದ್ದ ಒಂದು ಕೋಶ ಒಂದಂಗುಲಕ್ಕೂ ಮಿಕ್ಕಿ ಬೆಳೆಯುತ್ತದೆ. ನಡುವೆ ಗೋಡೆಯಿಲ್ಲ, ಗಂಟಿಲ್ಲ. ಕೊನೆಯವರೆಗೂ ಅದು ಒಂದೇ ಕೋಶ. ಆಮೇಲೆ ಒಳಗಿನಿಂದ ಪದರ ಪದರವಾಗಿ ಸೆಲ್ಯುಲೋಸ್ ಕಟ್ಟಿ ಗಟ್ಟಿಯಾಗುತ್ತದೆ. ಐವತ್ತು ದಿನ ಕಳೆಯುವ ಹೊತ್ತಿಗೆ ಕಾಯಿ ಒಡೆಯುತ್ತದೆ. ಬಿಸಿಲಿಗೆ ಒಣಗಿದ ಎಳೆ ಚಪ್ಪಟೆಯಾಗಿ ತನ್ನಷ್ಟಕ್ಕೆ ಹುರಿಗೊಳ್ಳುತ್ತದೆ. ಆ ಹುರಿಯಿಲ್ಲದಿದ್ದರೆ ಒಂದೆಳೆ ಇನ್ನೊಂದನ್ನು ಹಿಡಿಯುತ್ತಿರಲಿಲ್ಲ, ನೂಲು ಬರುತ್ತಿರಲಿಲ್ಲ, ಓದುಗರು ತೊಟ್ಟಿರುವ ಅಂಗಿಯೂ ಇರುತ್ತಿರಲಿಲ್ಲ. ಒಂದೊಂದು ಬೀಜದ ಮೇಲೆ ಇಂಥ ಎಳೆಗಳು ಹತ್ತು ಸಾವಿರಕ್ಕೂ ಹೆಚ್ಚು.

ಇದನ್ನು ಬಲ್ಲ ಭಕ್ತನು ‘ಇದು ತಾನಾಗಿ ಆಯಿತೆ?’ ಎಂದು ಕೇಳಿದರೆ ನಗುವಂಥದೇನೂ ಇಲ್ಲ. ಹೀಗೆ ಕೇಳಿದವರು ಕ್ರೈಸ್ತರು ಮಾತ್ರವೂ ಅಲ್ಲ. ವಿಜಯದಾಸರು ಹುಟ್ಟಿದ ಚೀಕಲಪರವಿ ಮಾನ್ವಿ ತಾಲ್ಲೂಕಿನದು. ಗೋಪಾಲದಾಸರ ಮೊಸರಕಲ್ಲು ದೇವದುರ್ಗ ತಾಲ್ಲೂಕಿನದು. ಜಗನ್ನಾಥದಾಸರಂತೂ ಮಾನ್ವಿಯವರೆಂದೇ ಪ್ರಸಿದ್ಧರು. ‘ಹರಿಕಥಾಮೃತಸಾರ’ದ ಮೂವತ್ತೆರಡು ಸಂಧಿಗಳನ್ನು ಬಲ್ಲವರಿಗೆ, ಅಣುವಿನಿಂದ ಮಹತ್ತಿನವರೆಗೆ ಎಲ್ಲದರಲ್ಲಿಯೂ ನಿಯಾಮಕನನ್ನು ಕಾಣುವ ಆ ದೃಷ್ಟಿಯ ಪರಿಚಯವಿರುತ್ತದೆ. ಆದರೆ ಒಂದು ಸೂಕ್ಷ್ಮವನ್ನು ಗಮನಿಸಬೇಕು. ದಾಸರು ಸೃಷ್ಟಿಯಿಂದ ದೇವರನ್ನು ಸಾಧಿಸಿ ತೋರಿಸಲು ಹೊರಟವರಲ್ಲ; ದೇವರನ್ನು ಮೊದಲು ಒಪ್ಪಿ, ಆ ಬೆಳಕಿನಲ್ಲಿ ಸೃಷ್ಟಿಯನ್ನು ನೋಡಿದವರು. ಪೇಲಿಯ ದಾರಿ ಅದಕ್ಕೆ ತಿರುವುಮುರುವು. ಅವನು ಗಡಿಯಾರದಿಂದ ಮೊದಲುಮಾಡಿ ಗಡಿಯಾರದವನನ್ನು ಮುಟ್ಟಬಯಸಿದನು. ಮುಂದಿನ ಜಗಳವೆಲ್ಲ ಹುಟ್ಟಿದ್ದು ಈ ಎರಡನೆಯ ದಾರಿಯಲ್ಲಿ.

ಡಾರ್ವಿನ್ 1859ರಲ್ಲಿ ಕೊಟ್ಟ ಉತ್ತರ ಎಲ್ಲರಿಗೂ ತಿಳಿದದ್ದೇ. ಜೀವಿಗಳಲ್ಲಿ ಸಣ್ಣ ವ್ಯತ್ಯಾಸಗಳು ಹುಟ್ಟುತ್ತವೆ; ಬದುಕಿಗೆ ಅನುಕೂಲವಾದವು ಉಳಿದು ಮಕ್ಕಳಿಗೆ ಸಾಗುತ್ತವೆ; ಕಾಲ ಸಾಕಷ್ಟಿದ್ದರೆ ಗಡಿಯಾರದಂಥ ಹೊಂದಾಣಿಕೆಯೂ ಗಡಿಯಾರದವನಿಲ್ಲದೆ ಮೂಡಬಲ್ಲದು. ಪೇಲಿಯ ವಾದ ಇದರಿಂದ ಅಡಗಿತೆಂದು ಬಹುಮಂದಿ ತಿಳಿದರು. ಅಡಗಲಿಲ್ಲ. 1996ರಲ್ಲಿ ಅಮೆರಿಕದ ಜೀವರಸಾಯನ ವಿಜ್ಞಾನಿ ಮೈಕೇಲ್ ಬೀಹಿ, ಇವರೂ ಕಥೋಲಿಕರೇ, ‘ಡಾರ್ವಿನ್ಸ್ ಬ್ಲ್ಯಾಕ್ ಬಾಕ್ಸ್’ ಎಂಬ ಪುಸ್ತಕದಲ್ಲಿ ಅದಕ್ಕೆ ಹೊಸ ವೇಷ ತೊಡಿಸಿದರು. ಇಲಿಬೋನಿನ ಒಂದು ಭಾಗ ತೆಗೆದರೂ ಅದು ಇಲಿ ಹಿಡಿಯುವುದಿಲ್ಲ. ಬ್ಯಾಕ್ಟೀರಿಯಗಳು ಈಜಲು ಬಳಸುವ ಬಾಲವೂ ಅಂಥದೇ. ಮೋಟಾರಿನಂತೆ ತಿರುಗುವ ಆ ಬಾಲದಲ್ಲಿ ಹತ್ತಾರು ಬಗೆಯ ಪ್ರೋಟೀನುಗಳಿವೆ; ಒಂದು ತಪ್ಪಿದರೂ ಕೆಲಸ ಕೆಟ್ಟಿತು. ಹೀಗಿರುವಾಗ ಅದು ಒಂದೊಂದೇ ಮೆಟ್ಟಿಲಾಗಿ ಹೇಗೆ ಬಂದೀತು? ಬುದ್ಧಿಯುಳ್ಳ ಕರ್ತೃವೇ ಜೋಡಿಸಿರಬೇಕು. ‘ಬುದ್ಧಿಪೂರ್ವಕ ರಚನೆ’ಯ ವಾದ ಇದು.

ಈ ವಾದ ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಪೆನ್ಸಿಲ್ವೇನಿಯದ ಡೋವರ್ ಎಂಬ ಸಣ್ಣ ಊರಿನ ಶಾಲಾಮಂಡಳಿ ಇದನ್ನು ವಿಜ್ಞಾನದ ತರಗತಿಯಲ್ಲಿ ಪ್ರಸ್ತಾಪಿಸಬೇಕೆಂದು 2004ರಲ್ಲಿ ವಿಧಿಸಿತು. ಹನ್ನೊಂದು ಮಂದಿ ತಂದೆ ತಾಯಿಗಳು ದಾವೆ ಹೂಡಿದರು. ಮಂಡಳಿಯ ಪರ ಬೀಹಿ ಸಾಕ್ಷಿ ನುಡಿದರೆ, ದಾವೆ ಹೂಡಿದವರ ಪರ ನಿಂತ ಮುಖ್ಯ ವಿಜ್ಞಾನಿ ಕೆನೆತ್ ಮಿಲ್ಲರ್. ಮಿಲ್ಲರ್ ಕೂಡ ಶ್ರದ್ಧಾವಂತ ಕಥೋಲಿಕರೆಂಬುದನ್ನು ಮರೆಯಬಾರದು. ಅದು ಆಸ್ತಿಕ ನಾಸ್ತಿಕರ ಮೊಕದ್ದಮೆಯಾಗಿರಲಿಲ್ಲ. ಬ್ಯಾಕ್ಟೀರಿಯದ ಬಾಲದ ಬುಡದಲ್ಲಿರುವ ಭಾಗಗಳನ್ನು ಹೋಲುವ ರಚನೆಯೇ ಪ್ಲೇಗಿನ ಬ್ಯಾಕ್ಟೀರಿಯದಲ್ಲಿ ವಿಷ ಚುಚ್ಚುವ ಸೂಜಿಯಾಗಿ ಕೆಲಸ ಮಾಡುತ್ತದೆಂದು ಅವರು ತೋರಿಸಿದರು. ಪೂರ್ತಿ ಯಂತ್ರವಿಲ್ಲದಿದ್ದರೂ ಅದರ ತುಂಡಿಗೆ ಬೇರೊಂದು ಉಪಯೋಗವಿರಬಹುದು. ಮುರಿದ ಬಂಡಿಯ ನೊಗ ಬಾವಿಯ ಕಟ್ಟೆಗೆ ಅಡ್ಡವಾದಂತೆ. ನ್ಯಾಯಾಧೀಶ ಜಾನ್ ಜೋನ್ಸ್ 2005ರ ಡಿಸೆಂಬರ್ 20ರಂದು ಕೊಟ್ಟ 139 ಪುಟಗಳ ತೀರ್ಪು ಈ ವಾದ ವಿಜ್ಞಾನವಲ್ಲವೆಂದು ಸಾರಿತು.

ಕೋರ್ಟು ತೀರ್ಮಾನಿಸಿದ್ದು ಯಾವುದು ವಿಜ್ಞಾನವೆಂಬುದನ್ನು. ದೇವರಿದ್ದಾನೆಯೆ ಎಂಬುದನ್ನಲ್ಲ.

ಕಾಯಿಯೊಳಗಿನ ಹುಳು

ಹತ್ತಿಯ ಎಳೆಯನ್ನು ತೋರಿಸಿ ‘ರಚಿಸಿದವನನ್ನು ನೋಡಿರಿ’ ಎನ್ನುವವನು ಕಾಯಿಯನ್ನು ಒಡೆದು ಒಳಗನ್ನೂ ತೋರಿಸಬೇಕಾಗುತ್ತದೆ. ಅಲ್ಲಿ ಗುಲಾಬಿ ಕಾಯಿಕೊರಕವಿದೆ. ಮೊಟ್ಟೆಯೊಡೆದು ಬಂದ ಮರಿ ಹೂವಿನೊಳಗೋ ಎಳೆಗಾಯಿಯೊಳಗೋ ನುಸುಳಿದರೆ ಹೊರಗೆ ಗುರುತೇ ಸಿಗುವುದಿಲ್ಲ. ಔಷಧಿ ಸಿಂಪಡಿಸಿದರೆ ಅದಕ್ಕೆ ತಗಲುವುದಿಲ್ಲ. ಬೀಜವನ್ನು ತಿನ್ನುತ್ತ, ಅರಳೆಯನ್ನು ಕಲೆಗೆಡಿಸುತ್ತ ಅದು ಒಳಗೆ ಬೆಳೆಯುತ್ತದೆ. ರೈತನಿಗೆ ತಿಳಿಯುವುದು ಕಾಯಿ ಅರೆಬಿರಿದು ನಿಂತಾಗ. ಅಷ್ಟರಲ್ಲಿ ಸಾಲ ಎದ್ದುನಿಂತಿರುತ್ತದೆ.

ಈ ಹುಳುಗಳನ್ನು ತಡೆಯಲೆಂದು 2002ರಲ್ಲಿ ಭಾರತಕ್ಕೆ ಬಿ.ಟಿ. ಹತ್ತಿ ಬಂದಿತು. ಮಣ್ಣಿನ ಒಂದು ಬ್ಯಾಕ್ಟೀರಿಯದ ವಂಶವಾಹಿಯನ್ನು ಗಿಡಕ್ಕೆ ಸೇರಿಸಿ, ಗಿಡವೇ ಹುಳುವಿಗೆ ವಿಷವಾಗುವಂತೆ ಮಾಡಿದ್ದರು. ಇದಂತೂ ನಿಸ್ಸಂದೇಹವಾಗಿ ಬುದ್ಧಿಪೂರ್ವಕ ರಚನೆ. ಮಾಡಿದವರ ವಿಳಾಸವೂ ಗೊತ್ತು. 2006ರಲ್ಲಿ ಎರಡು ವಿಷಗಳ ತಳಿಯೂ ಬಂದಿತು. ಮಾನ್ವಿ, ದೇವದುರ್ಗ, ರಾಯಚೂರುಗಳ ಹೊಲಗಳೆಲ್ಲ ಈ ಬೀಜವನ್ನೇ ಹೊತ್ತವು.

ಹುಳು ಏನು ಮಾಡಿತು? ಆ ವಿಷ ಕೆಲಸ ಮಾಡಬೇಕಾದರೆ ಹುಳುವಿನ ಕರುಳಿನ ಒಂದು ಪ್ರೋಟೀನಿಗೆ ಅಂಟಿಕೊಳ್ಳಬೇಕು; ಬೀಗಕ್ಕೆ ಕೀಲಿ ಕೂತಂತೆ. ಕೋಟಿಗಟ್ಟಲೆ ಹುಳುಗಳಲ್ಲಿ ಎಲ್ಲೋ ಕೆಲವಕ್ಕೆ ಆ ಪ್ರೋಟೀನಿನ ವಂಶವಾಹಿ ಕೆಟ್ಟಿತ್ತು. ಸಾಮಾನ್ಯ ಹೊಲದಲ್ಲಿ ಅದರಿಂದ ಲಾಭವಿಲ್ಲ. ವಿಷದ ಹೊಲದಲ್ಲಿ ಉಳಿದವು ಅವೇ. ಉಳಿದವು ಉಳಿದವುಗಳನ್ನು ಕೂಡಿ ಮರಿ ಮಾಡಿದವು. ಗುಜರಾತಿನಲ್ಲಿ ಮೊದಲ ತಳಿಗೆ ಹುಳು ಬಗ್ಗುವುದಿಲ್ಲವೆಂಬುದು 2010ರಲ್ಲಿ ಬಹಿರಂಗವಾಯಿತು. ಮುಂದಿನ ಐದಾರು ವರ್ಷಗಳಲ್ಲಿ ಎರಡನೆಯ ತಳಿಯೂ ಸೋತಿತು. ಡಾರ್ವಿನ್ ಹೇಳಿದ ಆಯ್ಕೆ ಲಕ್ಷಾಂತರ ವರ್ಷ ಕಾಯದೆ, ಒಬ್ಬ ರೈತನ ಹರೆಯದಲ್ಲಿಯೇ ನಡೆದುಹೋಯಿತು.

ಬೀಹಿಯವರ ಪಕ್ಷದವರು ಇದಕ್ಕೆ ಕೊಡುವ ಉತ್ತರ ತಳ್ಳಿಹಾಕುವಂಥದಲ್ಲ. ಇಲ್ಲಿ ಹೊಸದೇನೂ ಕಟ್ಟಲಿಲ್ಲ, ಇದ್ದ ಬೀಗ ಮುರಿಯಿತು ಅಷ್ಟೆ. ಮುರಿಯುವುದು ಸುಲಭ, ಕಟ್ಟುವುದು ಕಷ್ಟ ಎಂದು ಅವರು ಹೇಳುತ್ತಾರೆ. ಈ ಹುಳುವಿನ ಮಟ್ಟಿಗೆ ಮಾತು ಸರಿ. ಆದರೆ ಹತ್ತಿಯ ಗಿಡವೇ ಬೇರೆ ಕಥೆ ಹೇಳುತ್ತದೆ. ಈಗ ಎಲ್ಲೆಡೆ ಬೆಳೆಯುವ ಅಮೆರಿಕನ್ ಹತ್ತಿಯ ಜೀವಕೋಶದಲ್ಲಿ ಎರಡು ಬೇರೆ ಬೇರೆ ಗಿಡಗಳ ವರ್ಣತಂತುಗಳು ಒಟ್ಟಿಗಿವೆ. ಒಂದು ನಮ್ಮ ಹಳೆಯ ನಾಡಹತ್ತಿಯ ಬಳಗದ್ದು; ಇನ್ನೊಂದು ಅಮೆರಿಕ ಖಂಡದ ಕಾಡುಗಿಡದ್ದು. ಹತ್ತಿಪ್ಪತ್ತು ಲಕ್ಷ ವರ್ಷಗಳ ಹಿಂದೆ ಎರಡೂ ಬೆರೆತು ವರ್ಣತಂತುಗಳು ಇಮ್ಮಡಿಯಾದವು. ಹೆಚ್ಚಾದ ವಂಶವಾಹಿಗಳಿಗೆ ಹೊಸ ಕೆಲಸ ಹಿಡಿಯಲು ಅವಕಾಶ ಸಿಕ್ಕಿತು. 1940ರ ಸುಮಾರಿಗೆ ವಿಜ್ಞಾನಿಗಳು ಅಂಥ ಬೆರಕೆಯನ್ನು ಪ್ರಯೋಗಾಲಯದಲ್ಲಿ ಮಾಡಿಯೂ ತೋರಿಸಿದರು. ಧಾರವಾಡದಲ್ಲಿ ಬಿ. ಎಚ್. ಕಾತರಕಿಯವರು ಎರಡು ಜಾತಿಯ ಹತ್ತಿಗಳನ್ನು ಕೂಡಿಸಿ 1972ರಲ್ಲಿ ‘ವರಲಕ್ಷ್ಮಿ’ಯನ್ನು ಕೊಟ್ಟಾಗ ಕನ್ನಡ ನಾಡಿಗೆ ಹೆಮ್ಮೆಯಾಯಿತಷ್ಟೆ, ಗಾಳಿ, ದುಂಬಿ, ಕಾಲ ಇವು ಅದಕ್ಕಿಂತ ಎಷ್ಟೋ ಮೊದಲೇ ಅಂಥ ಮದುವೆ ಮಾಡಿಸಿದ್ದವು.

ತರ್ಕಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಎಳೆಯನ್ನು ದೇವರು ಕೈಯಾರೆ ಜೋಡಿಸಿದನೆಂದರೆ ಹುಳುವಿನ ಕಚ್ಚುವ ದವಡೆಯನ್ನು ಜೋಡಿಸಿದವರಾರು? ಕಾಯಿಯೊಳಗೆ ಅಡಗುವ ಚಾತುರ್ಯ ಎಳೆಗಿಂತ ಕಡಿಮೆ ಜಟಿಲವೇನಲ್ಲ. ಡಾರ್ವಿನ್‌ನನ್ನು ಕಾಡಿದ್ದೂ ಇದೇ. 1860ರಲ್ಲಿ ಅಮೆರಿಕದ ಸಸ್ಯಶಾಸ್ತ್ರಜ್ಞ ಏಸಾ ಗ್ರೇಗೆ ಬರೆದ ಪತ್ರದಲ್ಲಿ ಅವನು ಕಣಜದ ಜಾತಿಯ ಕೀಟಗಳ ಮಾತೆತ್ತುತ್ತಾನೆ. ಅವುಗಳ ಮರಿಗಳು ಜೀವಂತ ಕಂಬಳಿಹುಳುವನ್ನು ಒಳಗಿನಿಂದ ತಿಂದು ಬೆಳೆಯುತ್ತವೆ. ಕರುಣಾಮಯನಾದ ದೇವರು ಇದನ್ನು ಬೇಕೆಂದೇ ರಚಿಸಿದನೆಂದು ಒಪ್ಪಲು ಅವನ ಮನಸ್ಸು ಬರಲಿಲ್ಲ. ಗ್ರೇ ದೃಢ ಕ್ರೈಸ್ತನಾಗಿದ್ದೂ ವಿಕಾಸವಾದವನ್ನು ಅಮೆರಿಕದಲ್ಲಿ ಎತ್ತಿಹಿಡಿದವನು. ಇಬ್ಬರೂ ಕೊನೆಯವರೆಗೆ ಗೆಳೆಯರಾಗಿಯೇ ಉಳಿದರೆಂಬುದು ಇಂದಿನ ವಾದಿಗಳು ನೆನೆಯಬೇಕಾದ ಸಂಗತಿ. ಇನ್ನೊಂದು ತಮಾಷೆಯಿದೆ: ಡಾರ್ವಿನ್‌ಗೆ ಕ್ರೂರವಾಗಿ ಕಂಡ ಅಂಥ ಪರಾವಲಂಬಿ ಕೀಟಗಳಲ್ಲಿ ಟ್ರೈಕೊಗ್ರಾಮ ಎಂಬುದನ್ನು ಕಾಯಿಕೊರಕದ ಮೊಟ್ಟೆಗಳನ್ನು ನಾಶಮಾಡಲೆಂದು ಈಗ ಹೊಲಗಳಿಗೆ ಬೇಕೆಂದೇ ಬಿಡುತ್ತಾರೆ. ಹತ್ತಿ ಬೆಳೆಯುವವನಿಗೆ ಅದು ಕರುಣೆಯೇ.

ಗುರುಗಳು ಏನೆನ್ನುತ್ತಾರೆ?

ಕ್ರೈಸ್ತಧರ್ಮದ ಒಳಗಿನಿಂದಲೇ ಇದಕ್ಕೆ ಹಳೆಯ ಉತ್ತರವೊಂದಿದೆ. ಪೇಲಿಗಿಂತ ಎಷ್ಟೋ ಹಳೆಯದು. ಆದಿಕಾಂಡದ ದಿನಗಳನ್ನು ಸೂರ್ಯೋದಯ ಸೂರ್ಯಾಸ್ತಗಳ ದಿನಗಳೆಂದೇ ತಿಳಿಯಬೇಕಾಗಿಲ್ಲವೆಂದು ಸಂತ ಅಗಸ್ಟೀನನು ಐದನೆಯ ಶತಮಾನದಲ್ಲಿಯೇ ಬರೆದನು. ಮುಂದೆ ಹುಟ್ಟಬೇಕಾದವುಗಳನ್ನು ದೇವರು ಬೀಜರೂಪದಲ್ಲಿ ಸೃಷ್ಟಿಯಲ್ಲಿ ಇಟ್ಟನೆಂಬುದು ಅವನ ಭಾವನೆ. ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸನು ದೇವರನ್ನು ಮೂಲಕಾರಣವೆಂದೂ ಪ್ರಕೃತಿಯ ವ್ಯಾಪಾರಗಳನ್ನು ಅವನ ಅಧೀನದ ನಿಜವಾದ ಕಾರಣಗಳೆಂದೂ ವಿಂಗಡಿಸಿದನು. ಈ ದೃಷ್ಟಿಗೆ ಮಳೆ ಬರುವುದಕ್ಕೆ ಮೋಡವೂ ಕಾರಣ, ದೇವರೂ ಕಾರಣ. ಒಂದು ಕಾರಣ ಇನ್ನೊಂದನ್ನು ಹೊರದೂಡುವುದಿಲ್ಲ. ವಿಜ್ಞಾನಕ್ಕೆ ಇನ್ನೂ ತಿಳಿಯದ ಸಂದುಗಳಲ್ಲಿ ಮಾತ್ರ ದೇವರನ್ನು ಕೂರಿಸಿದರೆ, ಒಂದೊಂದು ಸಂದು ಮುಚ್ಚಿದಾಗಲೂ ಅವನು ಎದ್ದುಹೋಗಬೇಕಾದೀತು. ಭಕ್ತರಿಗೆ ಇದಕ್ಕಿಂತ ಅವಮಾನದ ಸ್ಥಿತಿ ಬೇರೆ ಇಲ್ಲ.

ರೋಮಿನ ಪೀಠವೂ ಸುಮಾರಾಗಿ ಇದೇ ದಾರಿ ಹಿಡಿಯಿತು. ಮನುಷ್ಯಶರೀರದ ವಿಕಾಸದ ಬಗ್ಗೆ ಪಂಡಿತರು ವಿಚಾರಮಾಡಲು ಅಡ್ಡಿಯಿಲ್ಲವೆಂದು ಹನ್ನೆರಡನೆಯ ಪಿಯುಸ್ ಪೋಪರು 1950ರಲ್ಲಿ ಹೇಳಿದರು; ಆತ್ಮ ಮಾತ್ರ ದೇವರಿಂದಲೇ ಎಂದು ಗೆರೆ ಎಳೆದರು. ಎರಡನೆಯ ಜಾನ್ ಪಾಲ್ ಪೋಪರು 1996ರಲ್ಲಿ, ಎಂದರೆ ಬೀಹಿಯವರ ಪುಸ್ತಕ ಬಂದ ವರ್ಷವೇ, ವಿಕಾಸವಾದ ಬರಿಯ ಊಹೆಗಿಂತ ಹೆಚ್ಚಿನದೆಂದು ಒಪ್ಪಿದರು. ಎಲ್ಲ ಸಭೆಗಳೂ ಹೀಗೆ ಒಪ್ಪಿವೆಯೆಂದಲ್ಲ. ಆರು ದಿನಗಳನ್ನು ಅಕ್ಷರಶಃ ನಂಬುವ ಸಭೆಗಳು ಲೋಕದಲ್ಲಿ ಬಹಳವಿವೆ. ಅವರ ಪ್ರಾಮಾಣಿಕತೆಯನ್ನು ಶಂಕಿಸಬೇಕಾಗಿಲ್ಲ. ಆದರೆ 250 ಕೋಟಿ ವರ್ಷದ ಬಂಡೆಯ ಮೇಲೆ ನಿಂತ ಊರಿನಲ್ಲಿ ಆ ವಾದ ಬಹಳ ಕಷ್ಟಪಡಬೇಕಾಗುತ್ತದೆ.

ಕರ್ನಾಟಕದಲ್ಲಿಯೇ ಇದಕ್ಕೆ ಒಂದು ಜೀವಂತ ನಿದರ್ಶನವಿತ್ತು. ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನಲ್ಲಿದ್ದ ಫಾದರ್ ಸಿಸಿಲ್ ಸಲ್ಡಾನ ಯೇಸುಸಭೆಯ ಗುರುಗಳು, ಜೊತೆಗೆ ಸಸ್ಯಶಾಸ್ತ್ರಜ್ಞರು. ಡ್ಯಾನ್ ನಿಕಲ್ಸನ್ ಅವರೊಡನೆ ಅವರು ಸಿದ್ಧಪಡಿಸಿದ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥ 1976ರಲ್ಲಿ ಹೊರಬಂದಿತು. ಆಮೇಲೆ ಕರ್ನಾಟಕದ ಸಸ್ಯಗಳ ಸಂಪುಟಗಳು. ಆ ಪುಟಗಳಲ್ಲಿ ದೇವರ ಹೆಸರನ್ನು ಹುಡುಕಿದರೆ ಸಿಗುವುದು ಎಲೆಯ ಅಂಚು, ಕೇಸರಗಳ ಎಣಿಕೆ, ಹೂಬಿಡುವ ತಿಂಗಳು. ಗಿಡವನ್ನು ಗಿಡವಾಗಿ, ಸುಳ್ಳಿಲ್ಲದೆ, ನೋಡಿ ಬರೆದಿಟ್ಟರು. ಬಟಾಣಿ ಗಿಡಗಳನ್ನೆಣಿಸಿ ಅನುವಂಶೀಯತೆಯ ನಿಯಮ ಕಂಡುಹಿಡಿದ ಮೆಂಡಲ್ ಕೂಡ ಮಠದ ಸಂನ್ಯಾಸಿಯಾಗಿದ್ದನಲ್ಲವೆ?

ಹುಳುವಿನ ಪ್ರಶ್ನೆಗೆ ಮಾತ್ರ ಇವರಾರೂ ಸುಲಭದ ಉತ್ತರ ಕೊಟ್ಟಿಲ್ಲ. ಸತ್ಯವೇದದ ಯೋಬನ ಗ್ರಂಥವೂ ಕೊಡುವುದಿಲ್ಲ. ನಿರಪರಾಧಿಯಾಗಿ ನೊಂದ ಯೋಬನು ‘ಏಕೆ?’ ಎಂದು ಕೇಳಿದಾಗ ದೇವರು ಕಾರಣ ಹೇಳದೆ ಕಾಡುಕತ್ತೆಯನ್ನೂ ಹದ್ದನ್ನೂ ನೀರಾನೆಯಂಥ ಮಹಾಪ್ರಾಣಿಯನ್ನೂ ತೋರಿಸುತ್ತಾನೆ. ಅವುಗಳಲ್ಲಿ ಒಂದೂ ಮನುಷ್ಯನ ಉಪಯೋಗಕ್ಕೆಂದು ಇರುವ ಪ್ರಾಣಿಯಲ್ಲ. ಗಡಿಯಾರದವನ ದೇವರಿಗೂ ಯೋಬನ ದೇವರಿಗೂ ಇರುವ ಅಂತರ ಅಲ್ಲಿ ಕಾಣುತ್ತದೆ.

2023ರಲ್ಲಿ ಎನ್.ಸಿ.ಇ.ಆರ್.ಟಿ.ಯ ಹತ್ತನೆಯ ತರಗತಿಯ ಪುಸ್ತಕದಿಂದ ವಿಕಾಸವಾದದ ಭಾಗವನ್ನು ತೆಗೆದಾಗ 1800ಕ್ಕೂ ಹೆಚ್ಚು ವಿಜ್ಞಾನಿಗಳೂ ಅಧ್ಯಾಪಕರೂ ಪ್ರತಿಭಟನೆಯ ಪತ್ರಕ್ಕೆ ಸಹಿಹಾಕಿದರು. ಆ ವಿವಾದದಲ್ಲಿ ಕ್ರೈಸ್ತಧರ್ಮದ ಪಾತ್ರವೇನೂ ಇರಲಿಲ್ಲ. ಆದರೆ ಹತ್ತನೆಯ ತರಗತಿಗೇ ವಿಜ್ಞಾನ ಮುಗಿಸುವ ಹಳ್ಳಿಯ ಹುಡುಗ ತನ್ನ ಹೊಲದ ಹುಳು ಏಕೆ ಸಾಯುತ್ತಿಲ್ಲವೆಂಬುದನ್ನು ಇನ್ನು ಎಲ್ಲಿ ಓದಬೇಕು?

ಅಮೆರಿಕದ ಅರಿಜೋನದಲ್ಲಿ ಬಿ.ಟಿ. ಹತ್ತಿಯ ಪಕ್ಕದಲ್ಲಿ ಸಾದಾ ಹತ್ತಿಯನ್ನೂ ಬೆಳೆಸಿದರು. ವಿಷಕ್ಕೆ ಬಗ್ಗುವ ಹುಳುಗಳು ಅಲ್ಲಿ ಉಳಿದು, ಬಗ್ಗದವುಗಳೊಡನೆ ಕೂಡಿ, ಹಠಮಾರಿ ಸಂತತಿ ಹೆಚ್ಚದಂತೆ ತಡೆದವು. ಮುಂದೆ ಸಂತಾನಶಕ್ತಿ ಕಳೆದ ಪತಂಗಗಳನ್ನೂ ಬಿಟ್ಟರು. 2018ರಲ್ಲಿ ಆ ದೇಶ ತನ್ನ ಹತ್ತಿಯ ಹೊಲಗಳು ಗುಲಾಬಿ ಕಾಯಿಕೊರಕದಿಂದ ಮುಕ್ತವಾದವೆಂದು ಸಾರಿತು. ಭಾರತದಲ್ಲಿಯೂ ಅಂಥ ಆಸರೆ ಸಾಲುಗಳನ್ನು ಬಿತ್ತಬೇಕೆಂಬ ನಿಯಮವಿತ್ತು. ಬೀಜದ ಚೀಲದೊಡನೆ ಸಣ್ಣ ಪೊಟ್ಟಣವನ್ನೂ ಕೊಡುತ್ತಿದ್ದರು. ತುಂಡುಭೂಮಿಯ ರೈತನಿಗೆ ಹುಳುವಿಗಾಗಿ ಸಾಲು ಬಿಡುವುದು ಒಪ್ಪಿಗೆಯಾಗಲಿಲ್ಲ. ಈಗ ಕೃಷಿ ವಿಜ್ಞಾನಿಗಳು ಹೇಳುವುದು ಬೇಗ ಕೊಯ್ಲಿಗೆ ಬರುವ ತಳಿ ಬಿತ್ತಿರಿ, ಗಂಡು ಪತಂಗ ಹಿಡಿಯುವ ಮೋಹಕ ಬಲೆ ಕಟ್ಟಿರಿ, ಬೆಳೆ ಮುಗಿದೊಡನೆ ಕಟ್ಟಿಗೆ ಕಿತ್ತು ಹೊಲ ಬರಿದುಮಾಡಿರಿ ಎಂದು. ಮಾನ್ವಿಯ ರೈತನು ಆ ಹುಳುವನ್ನು ದೇವರು ಮಾಡಿದನೆಂದು ನಂಬಿರಲಿ, ಕಾಲ ಮಾಡಿತೆಂದು ನಂಬಿರಲಿ, ಕಟ್ಟಿಗೆಯನ್ನು ಜನವರಿಯೊಳಗೆ ಕೀಳಲೇಬೇಕು.